ಹೊಟ್ಟೆಗೆ ಹಾಕಿಕೊಂಡದ್ದು

ರಾತ್ರಿ ಮೂರು. ರಾಸ್ ಅಲ್ ಖೈಮಾದ ಹಿಂಬೀದಿಯಲ್ಲಿ
ಮೊಫಿಜ್‌ನ ಕಸದ ಲಾರಿ ಹಿಂದಕ್ಕೆ ಸರಿಯುತ್ತ ಕೂಗುತ್ತಿದೆ.
ಡಬ್ಬಗಳನ್ನೆತ್ತಿ ಹೊಟ್ಟೆಗೆ ಸುರಿದುಕೊಳ್ಳುತ್ತದೆ:
ಖುಬೂಸಿನ ಚೂರು, ಮೀನಿನ ಮುಳ್ಳು,
ಯಾರದೋ ಸುಟ್ಟುಹೋದ ಇಸ್ತ್ರಿಪೆಟ್ಟಿಗೆ.
ಲ್ಯಾಬಿನ ಕಿಟಕಿಗಾಜು ಸಣ್ಣಗೆ ನಡುಗುತ್ತದೆ.

ಸ್ಲೈಡಿನ ಮೇಲೆ ಶಮ್ಮಾಳ ಮಜ್ಜೆ. ವಯಸ್ಸು ಏಳು.
ನೂರಿಪ್ಪತ್ತು ದಿನ ದುಡಿದು ಸೋತ ಕೆಂಪುಕಣಗಳನ್ನು
ತಕರಾರಿಲ್ಲದೆ ನುಂಗುವುದೇ ಕಸುಬಾದ ಕೋಶಗಳು
ಊದಿಕೊಂಡಿವೆ. ಒಡಲ ತುಂಬ
ಮುದುಡಿ ಮತ್ತೆ ಬಿಡಿಸಿದ ತೆಳುಕಾಗದದ ಸುಕ್ಕು.

ಕೋಶದೊಳಗೆ ಪುಟ್ಟ ಪುಟ್ಟ ಚೀಲಗಳು, ಲೈಸೋಸೋಮ್ ಎನ್ನುತ್ತೇವೆ,
ನಮ್ಮ ಫ್ರಿಜ್ಜಿನ ಲಬನ್‌ನಷ್ಟೇ ಹುಳಿ.
ಅದರಲ್ಲಿ ಅರವತ್ತು ಬಗೆಯ ಕತ್ತರಿ,
ಒಂದೊಂದಕ್ಕೂ ಒಂದೊಂದೇ ಗಂಟು.
ಬಿಡಿಸಿದ್ದನ್ನು ಬಿಸಾಡುವುದಿಲ್ಲ,
ಹೊಸ ಗೋಡೆಗೆ ಬೇಕೆಂದು ಹೊರಗೆ ಕೊಡುತ್ತದೆ.
ಜೀರ್ಣೋದ್ಧಾರ ಅಂದರೆ ಗುಡಿಗೆ ಸುಣ್ಣ ಬಳಿಯುವುದು
ಎಂದಷ್ಟೇ ತಿಳಿದಿದ್ದೆ ನಾನು.
ಪದದಲ್ಲೇ ಇತ್ತು:
ಮೊದಲು ಅರಗಬೇಕು.

ಶಮ್ಮಾಳಲ್ಲಿ ಒಂದು ಕತ್ತರಿ ಇಲ್ಲ.
ಅರವತ್ತರಲ್ಲಿ ಒಂದು.
ಅಷ್ಟಕ್ಕೇ ಗುಲ್ಮ ಹೊಕ್ಕುಳದವರೆಗೆ ಬೆಳೆದಿದೆ.
ಡಾಕ್ಟರು ಬಾಲ್‌ಪೆನ್ನಿನಲ್ಲಿ ಅದರ ಅಂಚು ಬರೆಯುವಾಗ
ಕಚಗುಳಿಗೆ ನಕ್ಕು ಕೇಳಿದಳಂತೆ,
ಇದು ಯಾವ ದೇಶ?

ಜೆಸಿಂತಾ, ನೀನು ನೆನಪಾಗುವುದು ಇಲ್ಲೇ.
ಮದುವೆಗೆ ಹಾಕಿಕೊಳ್ಳಲೆಂದು ಪಡೆದ ನನ್ನ ಎರಡು ಬಳೆ ಮಾರಿ
ಟಿಕೆಟ್ ತೆಗೆದು, ಏರ್‌ಪೋರ್ಟಿನಿಂದ ಫೋನ್ ಮಾಡಿದೆ:
"ಅಕ್ಕಾ, ತಪ್ಪಾಯ್ತು. ಹೊಟ್ಟೆಗೆ ಹಾಕಿಕೊಳ್ಳಿ."
ಹಾಕಿಕೊಂಡೆ. ರೂಮಿನವರೆಲ್ಲ ಹೊಗಳಿದರು.
ನುಂಗುವುದು ಬೇರೆ, ಅರಗುವುದು ಬೇರೆ ಎಂದು
ಯಾರೂ ಹೇಳಲಿಲ್ಲ.
ಆರು ವರ್ಷ. ನೀನು ಡ್ರಾಯರಿನಲ್ಲಿ ಮರೆತುಹೋದ
ಚಿನ್ನದಂಗಡಿಯ ರಸೀದಿ ನನ್ನ ಪಾಸ್‌ಪೋರ್ಟಿನ ಕವರಿನಲ್ಲಿದೆ.
ಅಕ್ಷರ ಮಾಸಿದೆ. ಮೊತ್ತ ನನಗೆ ಬಾಯಿಪಾಠ.

ಎರಡು ವಾರಕ್ಕೊಮ್ಮೆ ಶಮ್ಮಾಳ ಕೈಗೆ
ಹನಿ ಹನಿಯಾಗಿ ಇಳಿಯುತ್ತದೆ, ಇಲ್ಲದ ಆ ಕಿಣ್ವ.
ಎಲ್ಲೋ ದೂರದ ತೊಟ್ಟಿಯಲ್ಲಿ ಬೆಳೆಸಿ
ಅದರ ತುದಿಯಲ್ಲಿ ಸಕ್ಕರೆ ಕಾಣುವಂತೆ ಮಾಡಿ ಕಳಿಸುತ್ತಾರೆ;
ಸಕ್ಕರೆಯ ಗುರುತು ಹಿಡಿದೇ
ಕೋಶ ಬಾಗಿಲು ತೆರೆಯುವುದು.
ಗುಲ್ಮ ಎರಡು ಬೆರಳು ಇಳಿದಿದೆಯಂತೆ. ಎರಡೇ.
ಪೆನ್ನಿನ ಗೆರೆಯನ್ನು ಅವಳಮ್ಮ ಉಜ್ಜಿ ತೊಳೆದಳು,
ಮಗು ಬೇಡವೆಂದು ಅತ್ತಿತು.

ವರದಿ ಬರೆದಿಟ್ಟು ಕೋಟು ಕಳಚಿದೆ.
ಮೊಫಿಜ್ ಖಾಲಿ ಡಬ್ಬಗಳನ್ನು ಗೋಡೆಗೆ ಒರಗಿಸುತ್ತಿದ್ದ,
ಒಂದರ ಮುಚ್ಚಳ ಹಾರಿ ನನ್ನ ಕಾಲ ಬಳಿ ಬಿತ್ತು.
ಬಾಂಗ್ ಮುಗಿಯುವ ತನಕ ನಿಂತೆ.
ಆಮೇಲೆ, ಯಾಕೋ ಗೊತ್ತಿಲ್ಲ, ಆ ನಂಬರು ಒತ್ತಿದೆ.
ಬಳೆಯ ಮಾತು ಬಾಯಿವರೆಗೂ ಬಂದಿತ್ತು.
"ಚಾ ಆಯ್ತಾ?" ಅಂದೆ.

ಅತ್ತ ಬಹಳ ಹೊತ್ತು ಮಾತಿಲ್ಲ.
ಒಲೆ ಹೊತ್ತಿಸಿದ ಸದ್ದು.
ಡಬ್ಬಿಯ ತಳಕ್ಕೆ ಚಮಚ ತಾಗಿದ ಸದ್ದು.