ತಾರಿಯ ಲೆಕ್ಕ

ವಾರದ ರಜೆಯ ದಿನ ಕಾರವಾರಕ್ಕೆ ಹೋಗುತ್ತೇನೆ,
ನನ್ನದೇ ಡಿಪೋದ ಬಸ್ಸಿನಲ್ಲಿ, ಪಾಸು ತೋರಿಸದೆ.
ಕಚೇರಿಯ ಹಿಂಬದಿಯ ಕೋಣೆಯಲ್ಲಿ ನಾಗೇಕರ,
ಹಳೇ ಕಾಗದಗಳ ಉಸ್ತುವಾರಿ, ಮೂಗಿಗೆ ಕರವಸ್ತ್ರ,
ಮೊದಲ ದಿನವೇ ಹೇಳಿಬಿಟ್ಟ:
"ಹೆಸರು ಹುಡುಕೋದಾದ್ರೆ ಬೇಡ ಬಾಯಿ.
ಮನೆಮನೆಯ ಪಟ್ಟಿಯನ್ನೆಲ್ಲ ಅಂಕಿ ಹಿಂಡಿಕೊಂಡು
ಆಗಲೇ ರದ್ದಿಗೆ ಹಾಕಿದ್ದಾರೆ.
ಉಳಿದದ್ದು ಮೊತ್ತ ಮಾತ್ರ."

ಹೆಸರು ನನಗೂ ಗೊತ್ತಿಲ್ಲ, ಅಂದೆ.

ನನ್ನ ಅಜ್ಜನ ಅಜ್ಜಿ. ಮಂಜಗುಣಿಯ ತಾರಿಬಾಗಿಲಲ್ಲಿ
ಗಂಡ ಅಳಿವೆಯ ಪಾಲಾದ ಹದಿಮೂರನೇ ದಿನ
ಜಲ್ಲೆ ಎತ್ತಿಕೊಂಡವಳು.
ಮೈದುನಂದಿರು ದೋಣಿಯನ್ನು ದಂಡೆಗೆ ಎಳೆದಿಟ್ಟರೆ
ರಾತ್ರಿ ಒಬ್ಬಳೇ ಮತ್ತೆ ನೀರಿಗೆ ತಳ್ಳಿದಳಂತೆ.
ಏನವಳ ಹೆಸರು ಎಂದರೆ ಶೇವಂತಿ ಅತ್ತೆ
ಮೀನಿನ ಬುಟ್ಟಿ ಇಳಿಸದೆಯೇ ಅನ್ನುತ್ತಾಳೆ:
"ಹೆಸ್ರು ಯಾರಿಗೆ ಬೇಕಿತ್ತು? ದಡದಲ್ಲಿ ನಿಂತು
ಓ ತಾರೀ, ಅಂದ್ರೆ ಬರ್ತಿತ್ತು."

ಸಾವಿರದ ಒಂಬೈನೂರ ಒಂದು: ದೋಣಿ, ತಾರಿ ನಡೆಸುವವರು.
ಗಂಡಸರ ಕೆಳಗೆ ದೊಡ್ಡ ಸಂಖ್ಯೆ,
ಹೆಂಗಸರ ಕೆಳಗೆ ಮೂರು ಚುಕ್ಕಿ.
ಹನ್ನೊಂದು: ಗಂಡಸರು ಏರಿದ್ದಾರೆ.
ಹೆಂಗಸರು, 1.

ಬೆರಳಿಟ್ಟೆ. ತೆಗೆದೆ. ಮತ್ತೆ ಇಟ್ಟೆ.
ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ,
ನಾಲ್ಕು ಹೊಳೆಗೂ ಸೇರಿ ಒಬ್ಬಳು.
ಅವಳು ಇವಳೇ ಅಂತ ಯಾವ ಅಂಕಿ ಹೇಳುತ್ತದೆ?
ಹೊನ್ನಾವರದ ಕಡೆಯ ಇನ್ಯಾರದೋ ಮುತ್ತಜ್ಜಿ ಇರಬಹುದು;
ಅವರ ಮರಿಮಗಳು ಬಂದು ಕೇಳಿದರೆ
ಅರ್ಧ ಬಿಟ್ಟುಕೊಡಲೇ?
ಗುಮಾಸ್ತನ ಕೈತಪ್ಪೂ ಇರಬಹುದು,
ಮೇಲಿನ ಸಾಲಿನ ಸೂಲಗಿತ್ತಿಯೊಬ್ಬಳು
ಕಾಲು ಜಾರಿ ದೋಣಿಗೆ ಬಿದ್ದಿರಬಹುದು.

ನಾಗೇಕರ ಬಗ್ಗಿ ನೋಡಿದ.
"ಕನ್ನಡದಲ್ಲಿ ಬರೆದಿದ್ರೆ ಸೊನ್ನೆ ಅಂತ ಓದಿ ಮುಂದೆ ಹೋಗ್ತಿದ್ರಿ.
೧ಕ್ಕೂ ೦ಗೂ ಏನು ಮಹಾ, ಒಂದು ಬಾಲ."

ಆಗೆಲ್ಲ ಗಣತಿ ಒಂದೇ ರಾತ್ರಿಯದು,
ಯಾರು ಎಲ್ಲಿದ್ದರೋ ಅಲ್ಲಿಯ ಲೆಕ್ಕ.
ಊಹಿಸಿಕೊಳ್ಳುತ್ತೇನೆ (ಊಹೆಗೆ ನಕಲು ಶುಲ್ಕವಿಲ್ಲ):
ಶಾಲೆಯ ಮಾಸ್ತರನೊಬ್ಬ, ಮಸಿಕುಡಿಕೆ ಎದೆಗವಚಿ,
ಆಚೆ ದಡದ ಹನ್ನೆರಡು ಮನೆ ಬಾಕಿ ಅಂತ
ದೋಣಿ ಹತ್ತುತ್ತಾನೆ. ಇಳಿತದ ನೀರು
ಅಳಿವೆಯತ್ತ ಸೆಳೆಯುತ್ತಿದೆ.
ಅವಳ ಮನೆಯ ಲೆಕ್ಕ ಮೈದುನ ಕೊಟ್ಟಾಗಿದೆ,
ಗಂಡಸರು ಮೂವರು, ಹೆಂಗಸರು ಇಬ್ಬರು,
ಅವಳನ್ನು ಬಿಟ್ಟು.
ಆಚೆ ದಡದವರು ಅವಳನ್ನೇಕೆ ಹೇಳಿಯಾರು?
ನಡುಹೊಳೆಯಲ್ಲಿ ಲಾಟೀನು ಎತ್ತಿ ಅವನು ಕೇಳುತ್ತಾನೆ.
ಕೇಳಿದನೋ, ದೋಣಿಯ ಅಂಚು ಬಿಗಿಹಿಡಿದು
ದೇವರ ಹೆಸರು ಹೇಳುತ್ತಿದ್ದನೋ.
ದಡ ಮುಟ್ಟಿದ ಮೇಲೆ, ಜೀವ ಬಂದ ಮೇಲೆ,
ಮಂಡಿಯ ಮೇಲೆ ಪುಸ್ತಕವಿಟ್ಟು
ಒಂದು ಗೀಟು ಎಳೆದಿರಬೇಕು.

ಇಪ್ಪತ್ತೊಂದರಲ್ಲಿ ಮತ್ತೆ ಮೂರು ಚುಕ್ಕಿ.
ಜ್ವರದ ವರ್ಷ ದಾಟಿ ಬಂದ ಸಂಪುಟ ಅದು.
ಹೆಚ್ಚು ಹೊತ್ತು ನೋಡಲಿಲ್ಲ.

ನಕಲು, ಪುಟಕ್ಕೆ ಎರಡು ರೂಪಾಯಿ.
ಯಂತ್ರದೊಳಗೆ ಕಾಗದ ಸರಿದು, ಆ 1
ಹೂಳಿನಲ್ಲಿ ಊರಿ ಮರೆತ ಜಲ್ಲೆಯ ಹಾಗೆ
ಚೂರು ವಾಲಿದೆ.
ಅತ್ತೆಗೆ ತೋರಿಸಿದೆ. ಓದು ಬಾರದವಳು,
ಹಿಂದೆ ಮುಂದೆ ತಿರುಗಿಸಿ ಅಂದಳು:
"ಇದೆಂತ ಇಷ್ಟು ಸಪೂರ? ಅದು ದಪ್ಪ ಇತ್ತಂತೆ."

ಮರುದಿನ ಮೊದಲ ಟ್ರಿಪ್ಪು.
ಅಂಕೋಲೆ ಬಿಟ್ಟಾಗ ತಲೆ ಎಣಿಸಿದೆ, ಐವತ್ತನಾಲ್ಕು,
ಹರಿದ ಟಿಕೆಟ್ಟೂ ಐವತ್ತನಾಲ್ಕು.
ಹತ್ತೊಂಬತ್ತು ವರ್ಷ ಹೀಗೇ ಎಣಿಸಿದ್ದೇನೆ,
ಒಂದು ಹೆಚ್ಚುಕಮ್ಮಿಯಾದರೆ ಸಂಬಳಕ್ಕೆ ಬರುತ್ತದೆ.
ಸ್ಟೇರಿಂಗಿನ ಮುಂದೆ ಕೂತ ಹಮ್ಮಣ್ಣ ಆ ಲೆಕ್ಕದಲ್ಲಿಲ್ಲ.
ಬಾಗಿಲಲ್ಲಿ ನಿಂತ ನಾನೂ.

ಸೇತುವೆಯ ತುದಿಯಲ್ಲಿ ಯಾರೋ ಕೈ ಎತ್ತಿದರು.
ಓ, ಅಂದೆ. ನಿಲ್ಲಿಸಿದೆವು.
ಐವತ್ತೈದು.