ಕುರುಡು ಕಿಟಕಿ

ಟೇಪಿನ ಸೊನ್ನೆ ನನ್ನ ಹೆಬ್ಬೆರಳಿನಡಿ,
ಇನ್ನೊಂದು ತುದಿ ಇನಾಸ ಮೇಸ್ತ್ರಿಯ ಕೈಲಿ.
ಅರವತ್ತೆರಡು ಅಡಿ ನಾಲ್ಕಿಂಚು.
ಬಾಳೆಹೊನ್ನೂರಿನ ಮೇಲಿನ ಗುಡ್ಡದಲ್ಲಿ
ಯಾರೋ ದೊರೆ ತನ್ನಜ್ಜನ ಮನೆಯ ನಕ್ಷೆ ಬಿಚ್ಚಿ
ಭದ್ರೆಯ ಜೇಡಿಮಣ್ಣಿಗೆ ಹೇಳಿಕೊಟ್ಟ ಮನೆ.

ನಡುವೆ ಬಾಗಿಲು, ಅದರ ತಲೆಯ ಮೇಲೆ
ಬಿಚ್ಚಿದ ಬೀಸಣಿಗೆಯಂಥ ಗಾಜು.
ಎಡಕ್ಕೆ ಎರಡು, ಬಲಕ್ಕೆ ಎರಡು,
ಮಹಡಿಗೆ ಐದು ಕಿಟಕಿ.
ಮಧ್ಯಕ್ಕೆ ಮಡಚಿದರೆ
ಕಿವಿಗೆ ಕಿವಿ ಕೂಡಬೇಕು, ಅಂಥ ಮುಖ.
ಸೂರು ಮಾತ್ರ ಇರಲಿಲ್ಲವಂತೆ.
ಬೋಳು ಹಣೆ. ಮೊದಲ ಆಷಾಢಕ್ಕೇ ಬುದ್ಧಿ ಬಂದು
ಹುಬ್ಬಿನವರೆಗೆ ಎಳೆದುಕೊಂಡಿತು
ತಗಡಿನ ಟೋಪಿ.

ಇಟ್ಟಿಗೆ ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ,
ಮತ್ತೆ ಉದ್ದ, ಮತ್ತೆ ಅಡ್ಡ.
"ಬಾಯಲ್ಲಿ ಎಣಿಸ್ತಾ ಕಟ್ಟಬೇಕು,
ಮಾತಾಡಿದರೆ ತಪ್ಪುತ್ತೆ" ಎಂದರು ಇನಾಸ.
ಸುಣ್ಣ, ಬೆಲ್ಲ, ಅಳಲೆಕಾಯಿ ಕೊಳೆಸಿದ ನೀರು.
ಉಗುರಿಂದ ಕೆರೆದೆ. ಉಗುರೇ ಸವೆಯಿತು.
ಆಗ್ನೇಯ ಮೂಲೆಯ ಒಂದು ಇಟ್ಟಿಗೆಯಲ್ಲಿ
ಒಣಗುವ ಮೊದಲೇ ಹಾದುಹೋದ ನಾಯಿಯ ಪಾದ.
ಅಳತೆ ಎರಡಿಂಚು. ಬರೆದುಕೊಂಡೆ,
ಯಾರೂ ಕೇಳಿರಲಿಲ್ಲ.

ಒಳಗೆ ಹೋಗಿ ಮಹಡಿ ಎಣಿಸಿದರೆ
ನಾಲ್ಕೇ.
ಮತ್ತೆ ಹೊರಗೆ: ಐದು.
ಮತ್ತೆ ಒಳಗೆ. ಬೆಂಕಿಗೂಡಿನ ಹೊಗೆದಾರಿ,
ಮಸಿ, ಮೂರಡಿ ದಪ್ಪದ ಗೋಡೆ.

ಇನಾಸ ಕೆಳಗೆ ನಿಂತು ನಗುತ್ತಿದ್ದರು.
"ಎಡಗಡೆಯಿಂದ ಎರಡನೇದು ಕುರುಡು, ಮೇಡಂ.
ಬೆಳಕಿಗಲ್ಲ, ಲೆಕ್ಕಕ್ಕೆ ಇಟ್ಟದ್ದು.
ವರ್ಷಕ್ಕೊಂದು ಸಲ, ಕ್ರಿಸ್ಮಸ್ಸಿಗೆ ಮೊದಲು,
ನಮ್ಮಪ್ಪ ಏಣಿ ಹತ್ತಿ ಗಾಜು ಬರೀತಿದ್ದ.
ಕಪ್ಪು ಬಣ್ಣ, ಮೇಲೆ ಬಿಳೀ ಪಟ್ಟಿ, ಹನ್ನೆರಡು ಚೌಕ.
ಒಂದು ವರ್ಷ ಒಂದು ಚೌಕಕ್ಕೆ ಮಾತ್ರ
ನೀಲಿ ಬಳಿದ. ಆಕಾಶ ಅಂದ.
ದೊರೆ ಬೈತಾರೆ ಅಂದೆ.
ಬೈಲಿಲ್ಲ. ನೋಡಲೇ ಇಲ್ಲ ಯಾರೂ."

ಈಗ ಬಣ್ಣವೆಲ್ಲ ಉದುರಿ ಬರೀ ಇಟ್ಟಿಗೆ.
ಮಡಿವಾಳ ಹಕ್ಕಿಯೊಂದು
ಕಣ್ಣಿರುವ ನಾಲ್ಕು ಕಿಟಕಿಗಳಲ್ಲೂ
ತನ್ನನ್ನೇ ವೈರಿಯೆಂದು ಕುಕ್ಕಿ ಕುಕ್ಕಿ
ಸುಸ್ತಾಗಿ, ಇದರ ಕಟ್ಟೆಗೆ ಬಂದು ಕೂತಿತು.

ರಾತ್ರಿ ನಕ್ಷೆ ಬಿಡಿಸುವಾಗ
ಪ್ಲಾನಿನಲ್ಲಿ ನಾಲ್ಕು ಹಾಕಿದೆ,
ಎಲಿವೇಶನ್ನಿನಲ್ಲಿ ಐದು.
ಎರಡೂ ಸರಿ. ಎರಡೂ ಒಂದೇ ಹಾಳೆಯ ಮೇಲೆ.
ಇಂಚಿಗೆ ನಾಲ್ಕಡಿಯ ಲೆಕ್ಕದಲ್ಲಿ
ಒಂದು ಚೌಕವೆಂದರೆ ತೊಗರಿಬೇಳೆಯಷ್ಟು.

ನೀಲಿ ಪೆನ್ಸಿಲ್ಲು ಚೀಪಿ ಮೊನೆ ಮಾಡಿ
ಇನಾಸರಿಗೆ ಫೋನು ಹಚ್ಚಿದೆ:
ಯಾವ ಚೌಕ?
"ಮೇಲಿಂದ ಎರಡನೇ ಸಾಲು..." ತಡೆದರು.
"ಅಲ್ಲ. ಗೊತ್ತಿಲ್ಲ ಮೇಡಂ.
ನಾನು ಏಣಿಯ ಕಾಲು ನೋಡ್ತಿದ್ದೆ."