ಉಲ್ಲಾಸನ ಎಡಗಿವಿ

ಗಂಟೆಗೆ ಹದಿನೈದು ರೂಪಾಯಿ.
ಹಬ್ಬುವಾಡದ ಆ ಮಾಳಿಗೆಯ ಮೇಲೆ ಆರು ಕಂಪ್ಯೂಟರು,
ಅದರಲ್ಲೊಂದು ಯಾವಾಗಲೂ ಕೆಟ್ಟದ್ದು.
ಮಾವ ಊಟಕ್ಕೆ ಹೋದರೆ ಗಲ್ಲೆಯಲ್ಲಿ ನಾನು:
ಹೆಸರು, ಕೂತ ಹೊತ್ತು, ಎದ್ದ ಹೊತ್ತು,
ಬಾಕಿ ಇದ್ದರೆ ಕೆಂಪು ಗೆರೆ.
ಹುಡುಗಿಯರು ಆಡಬಾರದು ಎಂದು ಯಾರೂ ಹೇಳಲಿಲ್ಲ.
ಕುರ್ಚಿ ಖಾಲಿಯಾಗಲಿಲ್ಲ, ಅಷ್ಟೇ.

ಹಾಗಾಗಿ ಆ ಆಟ ನನಗೆ ಬಂದದ್ದು ಬೆನ್ನ ಹಿಂದಿನಿಂದ,
ಉಲ್ಲಾಸ ತಾಂಡೇಲನ ಭುಜದ ಮೇಲಿಂದ.
ಒಂದೇ ಓಣಿ. ತುದಿಗೆ ಕಬ್ಬಿಣದ ಬಾಗಿಲು.
ದಾಟಿದರೆ ಹಿಂದೆ ದಡಾರನೆ ಮುಚ್ಚುತ್ತದೆ,
ಮತ್ತೆ ಓಣಿ.
ಮೂರನೇ ಕೋಣೆಯಲ್ಲಿ ಪೀಪಾಯಿಯ ಬಲಕ್ಕೊಬ್ಬ,
ಮೆಟ್ಟಿಲ ಮೇಲಿಬ್ಬರು, ದಿನಾ ಅದೇ ಇಬ್ಬರು,
ಕಚೇರಿಗೆ ಬರುವವರ ಹಾಗೆ ಬಂದು ಸಾಯುತ್ತಿದ್ದರು.
ಕರೆಂಟು ಹೋದರೂ ಉಲ್ಲಾಸನ ಬೆರಳು ನಿಲ್ಲುತ್ತಿರಲಿಲ್ಲ:
"ಬಾಗಿದೆ... ಗುಂಡು ತುಂಬಿದೆ... ಈಗ ಮೆಟ್ಟಿಲು."
ಕತ್ತಲಲ್ಲಿ ಹುಡುಗರು ಉಸಿರು ಹಿಡಿದು ಕೇಳುತ್ತಿದ್ದರು.

ನಮಗದು ವಿಚಿತ್ರ ಅನಿಸಿರಲಿಲ್ಲ.
ಒಂದು ಕಡೆ ಗುಡ್ಡ, ಒಂದು ಕಡೆ ಕಡಲು, ನಡುವೆ ರಸ್ತೆ;
ಬಿಣಗಾ ದಾಟಿದರೆ ನೌಕಾನೆಲೆಯ ಗೋಡೆ ಜೊತೆಗೇ ಓಡುತ್ತದೆ,
ಆಚೆ ನೀರಿದೆ ಎಂದು ವಾಸನೆಯಿಂದ ತಿಳಿಯಬೇಕು.

ಈಗ ಅದೇ ಆಟವನ್ನು ಮರಳಿ ಕಟ್ಟುತ್ತಿದ್ದೇನೆ.
ಕೋಡಿಬಾಗದಲ್ಲೊಂದು ಬಾಡಿಗೆ ಕೋಣೆ, ನಾವು ನಾಲ್ವರು.
ಹಣ ಹಾಕಿದವರು ಹೇಳುತ್ತಾರೆ: ಈಗಿನವರು ಓಣಿ ಸಹಿಸುವುದಿಲ್ಲ.
ನಕ್ಷೆ ಕೊಡಿ. ದಾರಿ ಹೆಚ್ಚಿಸಿ. ಶತ್ರು ಯೋಚಿಸಲಿ.
ಮಂಜು ತೆಗೆಯಿರಿ.

ಮಂಜು ತೆಗೆದೆ.
ಅದರ ಹಿಂದೆ ಕಣಿವೆ ಇರಲಿಲ್ಲ, ನಗರ ಇರಲಿಲ್ಲ.
ಆ ಕಾಲದ ಯಂತ್ರಕ್ಕೆ ಅಷ್ಟು ದೂರ ಬಿಡಿಸುವ ತ್ರಾಣವಿರಲಿಲ್ಲ,
ಅದಕ್ಕೆ ಹೊದಿಸಿದ ಬಿಳಿ ಬಟ್ಟೆ, ಅಷ್ಟೇ.

ಇನ್ನೊಂದು ಜಾಗ ಹುಡುಕಿದೆ, ಯಾರಿಗೂ ಹೇಳದೆ:
ಮೂರನೇ ಕೋಣೆಯ ಎಡಮೂಲೆ.
ಎರಡು ಮಳೆಗಾಲ ಅದು ಉಲ್ಲಾಸನ ಎಡಗಿವಿಯ ಮರೆಯಲ್ಲಿತ್ತು.
ಲೆಕ್ಕದ ಪುಸ್ತಕದ ಹಿಂಬದಿಗೆ ಎಷ್ಟೊಂದು ಬರೆದಿದ್ದೆ:
ಬಾವಿ, ಕಿಟಕಿ, ಕೆಳಗಿಳಿಯುವ ಏಣಿ.
ಹಳೆಯ ಕಡತ ಬಿಚ್ಚಿದರೆ ಗೋಡೆ.
ಅದೂ ಬಲಗೋಡೆಯನ್ನೇ ಮಗುಚಿ ಅಂಟಿಸಿದ್ದು.

ಕಿಟಕಿ ಇಟ್ಟೆ.
ಹೊರಗೆ ಕಡಲು, ದೂರದಲ್ಲಿ ದೀಪಸ್ತಂಭ,
ಎಣಿಸುತ್ತ ಕೂತರೆ ಒಮ್ಮೆ ತಿರುಗುವ ಬೆಳಕು.

ಬಾಗಿಲಿನ ಸದ್ದಿಗೆ ನಸುಕಿನಲ್ಲೇ ಬೈತಖೋಲದ ಐಸ್ ಫ್ಯಾಕ್ಟರಿಗೆ ಹೋದೆವು.
ಮೈಕು ಹಿಡಿದು ಹನ್ನೊಂದು ಸಲ ಮುಚ್ಚಿಸಿದೆವು.
ಬಂಗಡೆ ಬುಟ್ಟಿ ಇಳಿಸುತ್ತಿದ್ದವಳು ಕೇಳಿದಳು:
"ಬಾಗಿಲು ಕೆಟ್ಟಿದೆಯಾ, ತಲೆಯಾ?"

ಪರೀಕ್ಷೆಗೆ ಉಲ್ಲಾಸನನ್ನೇ ಕರೆದೆ.
ಈಗ ಟ್ರಾಲರ್ ಇಂಜಿನ್ ರಿಪೇರಿ ಮಾಡುತ್ತಾನೆ, ಉಗುರಲ್ಲಿ ಗ್ರೀಸು.
ಎಂಟು ದಾರಿ ತೆರೆದಿಟ್ಟಿದ್ದೆ. ನೆಟ್ಟಗೆ ನಡೆದ.
ಪೀಪಾಯಿಯ ಬಲಕ್ಕೆ ಗುಂಡು ಹಾರಿಸಿದ. ಯಾರೂ ಇಲ್ಲ.
ಯೋಚಿಸಲು ಕಲಿತವನು ಹಿಂದಿನಿಂದ ಬಂದು ಕೊಂದ.
ಮತ್ತೆ ಅದೇ ದಾರಿ, ಮತ್ತೆ ಸತ್ತ. ನಾಲ್ಕನೇ ಸಲ ನಕ್ಕ:
"ಇವನಿಗೆ ನನ್ನ ಪರಿಚಯವೇ ಇಲ್ವಲ್ಲೇ."
ಬಾಗಿಲು ಮುಚ್ಚಿದಾಗ ಮಾತ್ರ ತಲೆ ಎತ್ತಿ
"ಇದು ನಮ್ಮ ಐಸ್ ಫ್ಯಾಕ್ಟರಿ" ಎಂದ.

ಎಡಕ್ಕೆ ಅವನು ತಿರುಗಲೇ ಇಲ್ಲ.
ನಾನು ಹೇಳಲೂ ಇಲ್ಲ.
ಕುರ್ಚಿಯ ಹಿಂದೆ ನಿಂತಿದ್ದೆ, ಹಳೆಯ ಜಾಗದಲ್ಲೇ.
ಕಿವಿ ಕೊಂಚ ದಪ್ಪಗಾಗಿದೆ;
ಅದರ ಅಂಚಿನಲ್ಲಿ,
ಎಣಿಸಿದರೆ,
ಒಮ್ಮೊಮ್ಮೆ
ಬೆಳಕು ಬಂದು ಹೋಗುತ್ತಿತ್ತು.